ಅಗಾಥಾ ಕ್ರಿಸ್ಟಿ ಬಚ್ಚಿಟ್ಟ ಕೊನೇ ಕೇಸ್

ಮೊದಲೇ ಹೇಳಿಬಿಡ್ತೀನಿ, ಈ ಲೇಖನದಲ್ಲಿ ಸ್ಪಾಯ್ಲರ್ ಇದೆ. ಪ್ವಾರೋ ಸೀರೀಸ್‌ನ ಕೊನೆಯ ಎಪಿಸೋಡ್ ‘ಕರ್ಟನ್’ ನೋಡಬೇಕು ಅಂತ ಎತ್ತಿಟ್ಟುಕೊಂಡಿರೋರು ನೋಡಿ ಮುಗಿಸಿ ಆಮೇಲೆ ಬನ್ನಿ, ಲೇಖನ ಎಲ್ಲಿಗೂ ಓಡಿ ಹೋಗಲ್ಲ. ಇನ್ನೊಂದು ಮಾತು. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಅವನನ್ನು ಪಾಯಿರಾಟ್ ಅಂತ ಕರೆಯುವವರು ನಮ್ಮ ಬ್ರ್ಯಾಂಚ್‌ನಲ್ಲೇ ಇದ್ದಾರೆ. ಅವನು ಬೆಲ್ಜಿಯಂ ದೇಶದವನು, ಮಾತು ಫ್ರೆಂಚ್, ಹೆಸರು ಎರ್ಕ್ಯೂಲ್ ಪ್ವಾರೋ.

ಬ್ರಿಟನ್ನಿನ ಐಟಿವಿ ಚಾನೆಲ್‌ನಲ್ಲಿ ಈ ಸೀರೀಸ್ 1989ರಲ್ಲಿ ಶುರುವಾಯ್ತು, 2013ರಲ್ಲಿ ಮುಗೀತು. ಒಟ್ಟು 70 ಎಪಿಸೋಡ್. ಎಲ್ಲದರಲ್ಲೂ ಪ್ವಾರೋ ಪಾತ್ರ ಮಾಡಿದ್ದು ಡೇವಿಡ್ ಸೂಶೆ ಒಬ್ಬರೇ. ಮೊಟ್ಟೆಯಂಥ ತಲೆ, ತಿರುವಿ ತೀಡಿದ ಮೀಸೆ, ಪುಟ್ಟ ಪುಟ್ಟ ಹೆಜ್ಜೆ. ಬೆಳಗಿನ ತಿಂಡಿಗೆ ಬೇಯಿಸಿದ ಎರಡು ಮೊಟ್ಟೆ ಒಂದೇ ಸೈಜ್ ಇರಬೇಕು, ಇಲ್ಲಾಂದ್ರೆ ಮನುಷ್ಯನಿಗೆ ಸಮಾಧಾನ ಇಲ್ಲ. ಸ್ಯಾಕ್ಸೋಫೋನ್ ಟ್ಯೂನ್ ಶುರುವಾದರೆ ಸಾಕು, ಒಂಥರಾ ನೆಮ್ಮದಿ. ಎಲ್ಲೋ ಒಂದು ಹಳ್ಳಿ ಬಂಗಲೆಯಲ್ಲಿ ಯಾರೋ ಸಾಯ್ತಾರೆ, ಪ್ವಾರೋ ಬರ್ತಾನೆ, ಕೊನೆಗೆ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ ಕೊಲೆಗಾರ ಯಾರು ಅಂತ ತೋರಿಸ್ತಾನೆ. ಇಂಟರ್ನಲ್ಸ್ ಹಿಂದಿನ ರಾತ್ರಿ ಕೂಡ ಆರಾಮಾಗಿ ನೋಡಬಹುದಾದ ಕೊಲೆಗಳು. ಇಂಥವಕ್ಕೆ ಕೋಝಿ ಮಿಸ್ಟರಿ ಅಂತಾರೆ. ಹೊರಗೆ ಮಳೆ, ಒಳಗೆ ಬಿಸಿ ಚಹಾ, ಟಿವಿಯಲ್ಲಿ ಹೆಣ.

‘ಕರ್ಟನ್’ ಹಾಗಿಲ್ಲ. ಅದರಲ್ಲಿ ಪ್ವಾರೋ ಗಾಲಿಕುರ್ಚಿಯಲ್ಲಿ ಕೂತಿದ್ದಾನೆ, ಸೊರಗಿ ಹೋಗಿದ್ದಾನೆ, ಹೃದಯ ಕೆಟ್ಟಿದೆ. ಬಣ್ಣಗಳೆಲ್ಲ ಬೂದು. ಕೊನೆಗೆ ಹಾಲ್‌ನಲ್ಲಿ ಯಾರನ್ನೂ ಕೂರಿಸೋದಿಲ್ಲ. ಕೂರಿಸಿದ್ದರೆ ಅವನು ತನ್ನ ಕಡೆಗೇ ಬೆರಳು ತೋರಿಸಬೇಕಿತ್ತು.

ಇದನ್ನು ನೋಡಿದ ಮೇಲೆ ಟಿವಿಯವರು ಟಿಆರ್‌ಪಿಗೋಸ್ಕರ ಕಥೆ ಬದಲಾಯಿಸಿರಬೇಕು ಅಂದುಕೊಂಡೆ. ಇಲ್ಲ. ಕಾದಂಬರಿಯಲ್ಲೂ ಹಾಗೇ ಇದೆ. ಇನ್ನೂ ಆಶ್ಚರ್ಯ ಅಂದರೆ ಅದನ್ನು ಬರೆದಿದ್ದು ಅಗಾಥಾ ಕ್ರಿಸ್ಟಿಯವರ ಕೊನೆಗಾಲದಲ್ಲಲ್ಲ. ಎರಡನೇ ಮಹಾಯುದ್ಧದ ಸಮಯದಲ್ಲಿ ಬರೆದು, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೀಗ ಹಾಕಿ ಇಟ್ಟಿದ್ದರು. ಅಂದರೆ ಅಷ್ಟೂ ವರ್ಷ ಜನಕ್ಕೆ ಖುಷಿ ಖುಷಿಯಾದ ಪ್ವಾರೋ ಕಥೆಗಳನ್ನು ಕೊಡುತ್ತಾ ಇದ್ದಾಗ, ಇವನ ಗತಿ ಕೊನೆಗೆ ಏನಾಗುತ್ತೆ ಅಂತ ಅವರಿಗೆ ಗೊತ್ತಿತ್ತು. ಈ ಹೆಂಗಸು ಯಾರು ಅಂತ ತಿಳ್ಕೊಳ್ಳಬೇಕು ಅನ್ನಿಸಿದ್ದು ಅವಾಗಲೇ.

ಅಗಾಥಾ ಮಿಲ್ಲರ್ ಹುಟ್ಟಿದ್ದು 1890ರ ಸೆಪ್ಟೆಂಬರ್ 15ರಂದು, ಇಂಗ್ಲೆಂಡಿನ ದಕ್ಷಿಣದ ಡೆವನ್‌ನಲ್ಲಿ, ಸಮುದ್ರದ ದಂಡೆಯ ಟೋರ್ಕೀ ಊರಲ್ಲಿ. ಮನೆಯ ಹೆಸರು ಆಶ್‌ಫೀಲ್ಡ್. ಅಪ್ಪ ಫ್ರೆಡರಿಕ್ ಅಮೆರಿಕದವರು, ಕೆಲಸಕ್ಕೆ ಹೋಗದೆ ಆಸ್ತಿಯ ಆದಾಯದಲ್ಲಿ ಬದುಕಿದ ಮನುಷ್ಯ. ಅಮ್ಮ ಕ್ಲಾರಾ. ಅಕ್ಕ ಮ್ಯಾಡ್ಜ್, ಅಣ್ಣ ಮಾಂಟಿ ಇಬ್ಬರೂ ವಯಸ್ಸಿನಲ್ಲಿ ತುಂಬಾ ದೊಡ್ಡವರು. ಹಾಗಾಗಿ ಈ ಹುಡುಗಿ ಹೆಚ್ಚುಕಡಿಮೆ ಒಬ್ಬಳೇ ಆಡಿಕೊಂಡು ಬೆಳೆದಳು. ಚಿಕ್ಕವಳಾಗಿದ್ದಾಗ ಶಾಲೆಗೂ ಕಳಿಸಲಿಲ್ಲ. ಎಂಟು ವರ್ಷ ಆಗೋವರೆಗೆ ಮಕ್ಕಳಿಗೆ ಓದು ಕಲಿಸಬಾರದು ಅನ್ನೋದು ಅಮ್ಮನ ಸಿದ್ಧಾಂತ. ಮಗಳು ಐದಕ್ಕೇ ತಾನೇ ಓದು ಕಲಿತುಬಿಟ್ಟಳು. ಕೋಚಿಂಗ್‌ಗೆ ಹೋಗಿ ಬಂದ ನಮ್ಮಂಥವರಿಗೆ ಇದನ್ನು ಓದುವಾಗ ಸ್ವಲ್ಪ ಹೊಟ್ಟೆಕಿಚ್ಚು ಆಗುತ್ತೆ.

ಆ ಮಗುವಿಗೆ ಪದೇ ಪದೇ ಬೀಳುತ್ತಿದ್ದ ಒಂದು ಕೆಟ್ಟ ಕನಸಿತ್ತು. ಕನಸಲ್ಲಿ ಬರೋನು ಒಬ್ಬ ಕೋವಿಯವನು. ಹಳೇ ಕಾಲದ ಸಿಪಾಯಿಯ ಉಡುಪು, ಕೈಯಲ್ಲಿ ಹಳೇ ಕೋವಿ, ತಿಳಿನೀಲಿ ಕಣ್ಣು. ಅವನು ಗುಂಡು ಹೊಡೀತಾನೆ ಅಂತ ಅವಳಿಗೆ ಭಯ ಇರಲಿಲ್ಲ. ಭಯ ಇದ್ದಿದ್ದು ಅವನು ಇದ್ದಾನೆ ಅನ್ನೋದಕ್ಕೇ. ಬರ್ತಾ ಬರ್ತಾ ಕನಸು ಬದಲಾಯ್ತು. ಕೋವಿ, ಉಡುಪು ಎಲ್ಲ ಮಾಯ. ಮನೆಯವರೆಲ್ಲ ಚಹಾ ಮೇಜಿನ ಸುತ್ತ ಕೂತಿರ್ತಾರೆ, ನಗುನಗುತ್ತಾ ಮಾತಾಡ್ತಿರ್ತಾರೆ. ಇದ್ದಕ್ಕಿದ್ದ ಹಾಗೆ ಅವರಲ್ಲಿ ಒಬ್ಬರು ಅವರಲ್ಲ ಅಂತ ಗೊತ್ತಾಗುತ್ತೆ. ಅಮ್ಮನ ಮುಖ ನೋಡಿದರೆ ಅಲ್ಲಿಂದ ನೋಡ್ತಾ ಇರೋದು ಆ ತಿಳಿನೀಲಿ ಕಣ್ಣು. ಅಗಾಥಾ ತಮ್ಮ ಆತ್ಮಕಥೆಯಲ್ಲಿ ಇದನ್ನ ವಿವರವಾಗಿ ಹೇಳಿದ್ದಾರೆ. ನನ್ನನ್ನು ಕೇಳಿದರೆ, ಅವರ ಅರವತ್ತಾರು ಪತ್ತೇದಾರಿ ಕಾದಂಬರಿಗಳೂ ಈ ಕನಸಿನ ಬೇರೆ ಬೇರೆ ವರ್ಷನ್‌ಗಳೇ. ಕತ್ತಲ ಸಂದಿಯಲ್ಲಿ ಹಾರಿ ಬರುವ ಕೊಲೆಗಾರ ಅವರಲ್ಲಿ ಅಪರೂಪ. ಸಕ್ಕರೆ ಎಷ್ಟು ಚಮಚ ಅಂತ ಕೇಳಿ ಕಪ್ ಕೊಡುವವನೇ ಕೊಲೆಗಾರ.

ಅಗಾಥಾಗೆ 11 ವರ್ಷ ಇದ್ದಾಗ, 1901ರಲ್ಲಿ, ಅಪ್ಪ ತೀರಿಹೋದರು. ದುಡ್ಡಿನ ಕಷ್ಟ ಶುರುವಾಯ್ತು. ಆದರೂ ಅವಳನ್ನು ಪ್ಯಾರಿಸ್‌ಗೆ ಕಳಿಸಿ ಪಿಯಾನೋ, ಹಾಡು ಕಲಿಸಿದರು. ಕಛೇರಿ ಕೊಡುವಷ್ಟು ಕೈ ಇತ್ತು, ಧೈರ್ಯ ಇರಲಿಲ್ಲ. ಜನರ ಮುಂದೆ ಕೂತರೆ ಕೈ ನಡುಗೋದು. ಸ್ಟೇಜ್ ಫಿಯರ್ ಇಲ್ಲದಿದ್ದರೆ ಪ್ರಪಂಚಕ್ಕೆ ಒಬ್ಬ ಸಾಧಾರಣ ಪಿಯಾನೋ ವಾದಕಿ ಸಿಗ್ತಿದ್ದರೇನೋ, ಪ್ವಾರೋ ಸಿಗ್ತಿರಲಿಲ್ಲ.

1914ರ ಕ್ರಿಸ್‌ಮಸ್ ಹಿಂದಿನ ದಿನ ಆರ್ಚಿಬಾಲ್ಡ್ ಕ್ರಿಸ್ಟಿ ಎಂಬ ಸೇನಾಧಿಕಾರಿಯ ಜೊತೆ ಅವಸರದಲ್ಲಿ ಮದುವೆ ಆಯ್ತು. ಮೊದಲನೇ ಮಹಾಯುದ್ಧ ಶುರುವಾಗಿತ್ತು, ಗಂಡ ಫ್ರಾನ್ಸ್‌ಗೆ ಹೋದರು. ಅಗಾಥಾ ಟೋರ್ಕೀಯ ರೆಡ್‌ಕ್ರಾಸ್ ಆಸ್ಪತ್ರೆಯಲ್ಲಿ ಗಾಯಾಳುಗಳ ಸೇವೆಗೆ ಸೇರಿಕೊಂಡರು, ಆಮೇಲೆ ಅದೇ ಆಸ್ಪತ್ರೆಯ ಔಷಧ ವಿಭಾಗಕ್ಕೆ. 1917ರಲ್ಲಿ ಅದರ ಪರೀಕ್ಷೆಯನ್ನೂ ಪಾಸ್ ಮಾಡಿದರು.

ಈ ಭಾಗ ನನಗೆ ತುಂಬಾ ಇಷ್ಟ, ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಪರೀಕ್ಷೆಗೆ ತಯಾರಿ ಅಂತ ಅವರು ಊರಿನ ಒಬ್ಬ ಔಷಧಿ ಅಂಗಡಿಯವರ ಹತ್ತಿರ ಪಾಠಕ್ಕೆ ಹೋಗ್ತಿದ್ದರು. ಗುಂಡು ಗುಂಡಗೆ, ನಗುಮುಖದ, ಊರಲ್ಲಿ ಒಳ್ಳೇ ಹೆಸರಿದ್ದ ಮನುಷ್ಯ. ಒಂದು ದಿನ ಆತ ಔಷಧಿ ತಯಾರಿಸುವಾಗ ಲೆಕ್ಕದಲ್ಲಿ ದಶಮಾಂಶ ಬಿಂದು ಒಂದು ಸ್ಥಾನ ಆಚೀಚೆ ಹಾಕಿಬಿಟ್ಟರು. ಅಂದರೆ ವಿಷದ ಪ್ರಮಾಣ ಹತ್ತು ಪಟ್ಟು. ಪಕ್ಕದಲ್ಲಿದ್ದ ಅಗಾಥಾಗೆ ಅದು ಗೊತ್ತಾಯ್ತು. ಆದರೆ ಆ ಕಾಲದಲ್ಲಿ ಕಲಿಯೋಕೆ ಬಂದ ಒಬ್ಬ ಹುಡುಗಿ ಅನುಭವಸ್ಥ ಗಂಡಸಿಗೆ ನಿಮ್ಮ ಲೆಕ್ಕ ತಪ್ಪು ಅಂತ ಹೇಳೋ ಹಾಗಿರಲಿಲ್ಲ, ಹೇಳಿದರೂ ಆತ ಒಪ್ತಿರಲಿಲ್ಲ. ಅವರು ಏನು ಮಾಡಿದರು ಗೊತ್ತಾ? ಎಡವಿದ ಹಾಗೆ ನಟಿಸಿ ಟ್ರೇಯನ್ನು ನೆಲಕ್ಕೆ ಬೀಳಿಸಿ, ಮೇಲೆ ಕಾಲಿಟ್ಟು ತುಳಿದುಬಿಟ್ಟರು. ಕ್ಷಮೆ ಕೇಳಿದರು. ಬದುಕಿದ್ದು ಯಾರೋ ರೋಗಿ. ನಮ್ಮ ಲ್ಯಾಬ್ ರೆಕಾರ್ಡ್‌ನಲ್ಲಿ ಡೆಸಿಮಲ್ ತಪ್ಪಾದರೆ ಅರ್ಧ ಮಾರ್ಕ್ ಹೋಗುತ್ತೆ ಅಷ್ಟೇ.

ಅದೇ ಮನುಷ್ಯ ಇನ್ನೊಂದು ದಿನ ಜೇಬಿನಿಂದ ಒಂದು ಕಪ್ಪನೆಯ ಗಟ್ಟಿ ತೆಗೆದು ತೋರಿಸಿದರಂತೆ. ಅದು ಕ್ಯುರಾರೆ, ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಸವರುವ ವಿಷ. ಅದನ್ನು ಯಾಕೆ ಜೇಬಿನಲ್ಲಿ ಇಟ್ಟುಕೊಂಡು ಓಡಾಡ್ತೀರಿ ಅಂದರೆ, ಅದು ತನ್ನ ಹತ್ತಿರ ಇದೆ ಅನ್ನೋದೇ ತನಗೆ ಶಕ್ತಿ ಕೊಡುತ್ತೆ ಅನ್ನೋ ಅರ್ಥದ ಉತ್ತರ ಬಂತು. ಅಗಾಥಾ ಈ ಮಾತನ್ನು ಯಾವತ್ತೂ ಮರೀಲಿಲ್ಲ. ಸುಮಾರು ನಲವತ್ತೈದು ವರ್ಷ ಆದ ಮೇಲೆ, 1961ರ ‘ದಿ ಪೇಲ್ ಹಾರ್ಸ್’ ಕಾದಂಬರಿ ಬರೆಯುವಾಗ ಆ ಮನುಷ್ಯ ಮತ್ತೆ ನೆನಪಾದ. ಆ ಪುಸ್ತಕದಲ್ಲಿ ಬರುವ ಥ್ಯಾಲಿಯಂ ವಿಷದ ಲಕ್ಷಣಗಳು ಎಷ್ಟು ನಿಖರ ಅಂದರೆ, 1977ರಲ್ಲಿ ಕತಾರ್‌ನಿಂದ ಲಂಡನ್ನಿನ ಆಸ್ಪತ್ರೆಗೆ ತಂದಿದ್ದ ಒಂದು ಮಗುವಿಗೆ ಏನಾಗಿದೆ ಅಂತ ಡಾಕ್ಟರುಗಳಿಗೆ ತಿಳಿಯದಿದ್ದಾಗ, ಅದನ್ನು ಓದುತ್ತಿದ್ದ ನರ್ಸ್ ಒಬ್ಬರು ಇದು ಥ್ಯಾಲಿಯಂ ಇರಬಹುದು ಅಂದರು. ಅದೇ ಆಗಿತ್ತು. ಮಗು ಉಳೀತು.

ಔಷಧ ವಿಭಾಗದಲ್ಲಿ ಕೆಲಸ ಕಡಿಮೆ ಇದ್ದಾಗ ಸುತ್ತ ಬರೀ ವಿಷದ ಬಾಟಲಿಗಳು. ಒಳ್ಳೇ ಪತ್ತೇದಾರಿ ಕಥೆ ನಿನ್ನ ಕೈಲಿ ಬರೆಯೋಕಾಗಲ್ಲ ಅಂತ ಅಕ್ಕ ಮ್ಯಾಡ್ಜ್ ಹಿಂದೆ ಕೆಣಕಿದ್ದೂ ತಲೆಯಲ್ಲಿತ್ತು. ಆಗ ಜರ್ಮನ್ ಸೇನೆ ಬೆಲ್ಜಿಯಂ ಆಕ್ರಮಿಸಿತ್ತು, ಅಲ್ಲಿಂದ ಓಡಿಬಂದ ನಿರಾಶ್ರಿತರು ಟೋರ್ಕೀಯಲ್ಲೂ ನೆಲೆಸಿದ್ದರು. ಅವರಲ್ಲೊಬ್ಬ ನಿವೃತ್ತ ಪೊಲೀಸ್ ಅಧಿಕಾರಿ ಇದ್ದರೆ ಹೇಗೆ? ಹಾಗೆ ಪ್ವಾರೋ ಹುಟ್ಟಿದ. ಅವನ ಮೊದಲ ಕೇಸ್ ನಡೆಯೋದು ಸ್ಟೈಲ್ಸ್ ಎಂಬ ಬಂಗಲೆಯಲ್ಲಿ. ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ ಬರೆದಿದ್ದು 1916ರಲ್ಲಿ, ಹಲವು ಪ್ರಕಾಶಕರು ವಾಪಸ್ ಕಳಿಸಿ ಕೊನೆಗೆ ಬೆಳಕು ಕಂಡಿದ್ದು 1920ರಲ್ಲಿ. ಸಿಕ್ಕಿದ್ದು 25 ಪೌಂಡ್. ಕೊಲೆಯ ಕೀಲಿ ಇರೋದು ರಸಾಯನಶಾಸ್ತ್ರದಲ್ಲಿ, ಯಾವುದು ಕರಗುತ್ತೆ ಯಾವುದು ತಳ ಹಿಡಿಯುತ್ತೆ ಅನ್ನೋದರಲ್ಲಿ. ಫಾರ್ಮಸಿಯವರ ಪತ್ರಿಕೆಯೇ ಆ ಪುಸ್ತಕವನ್ನು ಹೊಗಳಿತು. ಅಗಾಥಾಗೆ ಅದರ ಬಗ್ಗೆ ಜೀವನಪೂರ್ತಿ ಹೆಮ್ಮೆ.

ಸ್ಟೈಲ್ಸ್ ಅನ್ನೋ ಹೆಸರು ನೆನಪಿಟ್ಟುಕೊಳ್ಳಿ. 1919ರಲ್ಲಿ ಮಗಳು ರೊಸಾಲಿಂಡ್ ಹುಟ್ಟಿದಳು, ಪುಸ್ತಕಗಳು ಮಾರಾಟವಾಗತೊಡಗಿದವು, ಗಂಡ ಹೆಂಡತಿ ಲಂಡನ್ ಹತ್ತಿರದ ಸನಿಂಗ್‌ಡೇಲ್‌ನಲ್ಲಿ ದೊಡ್ಡ ಮನೆ ಕೊಂಡರು. ಆರ್ಚಿ ಸಲಹೆಯಂತೆ ಮನೆಗೆ ಸ್ಟೈಲ್ಸ್ ಅಂತ ಹೆಸರಿಟ್ಟರು. ಆ ಮನೆ ಯಾರಿಗೂ ಒಳ್ಳೇದು ಮಾಡಲಿಲ್ಲ.

1926. ಆ ವರ್ಷವೇ ‘ದಿ ಮರ್ಡರ್ ಆಫ್ ರಾಜರ್ ಅಕ್ರಾಯ್ಡ್’ ಬಂತು. ಅದರ ಅಂತ್ಯ ನಾನು ಹೇಳಲ್ಲ, ಅದನ್ನು ಹೇಳೋದು ಪಾಪ. ಅದೇ ಏಪ್ರಿಲ್‌ನಲ್ಲಿ ಅಮ್ಮ ಸತ್ತರು. ಅಗಾಥಾ ಆಶ್‌ಫೀಲ್ಡ್‌ಗೆ ಹೋಗಿ ಒಬ್ಬರೇ ಕೋಣೆ ಕೋಣೆ ಖಾಲಿ ಮಾಡ್ತಾ ಕೂತರು, ಊಟ ನಿದ್ದೆ ಬಿಟ್ಟು. ಆರ್ಚಿ ಲಂಡನ್‌ನಲ್ಲೇ ಉಳಿದರು. ಆಗಸ್ಟ್‌ನಲ್ಲಿ ಮಗಳ ಹುಟ್ಟುಹಬ್ಬಕ್ಕೆ ಬಂದಾಗ, ತಾನು ನ್ಯಾನ್ಸಿ ನೀಲ್ ಎಂಬಾಕೆಯನ್ನು ಪ್ರೀತಿಸ್ತಿದ್ದೀನಿ, ವಿಚ್ಛೇದನ ಬೇಕು ಅಂದರು. ಹನ್ನೆರಡು ವರ್ಷ ಚಹಾ ಮೇಜಿನ ಎದುರು ಕೂತಿದ್ದ ಮುಖ. ಅಗಾಥಾ ಮುಂದೆ ಮೇರಿ ವೆಸ್ಟ್‌ಮಕಾಟ್ ಅನ್ನೋ ಗುಪ್ತನಾಮದಲ್ಲಿ ಬರೆದ ‘ಅನ್‌ಫಿನಿಶ್ಡ್ ಪೋರ್ಟ್ರೇಟ್’ ಕಾದಂಬರಿಯಲ್ಲಿ ಗಂಡನ ಮುಖದಲ್ಲಿ ಆ ಕೋವಿಯವನು ಕಾಣಿಸಿಕೊಳ್ತಾನೆ.

ಡಿಸೆಂಬರ್ 3ರ ರಾತ್ರಿ ಅವರು ಕಾರು ತಗೊಂಡು ಮನೆಯಿಂದ ಹೊರಟರು. ಬೆಳಗ್ಗೆ ಸರ್ರೀ ಜಿಲ್ಲೆಯ ನ್ಯೂಲ್ಯಾಂಡ್ಸ್ ಕಾರ್ನರ್ ಎಂಬ ಗುಡ್ಡದ ಇಳಿಜಾರಿನಲ್ಲಿ ಕಾರು ಮಾತ್ರ ಸಿಕ್ತು, ಒಳಗೆ ಕೋಟು ಬಿದ್ದಿತ್ತು. ದೇಶವೇ ಹುಡುಕೋಕೆ ಇಳೀತು. ನೂರಾರು ಪೊಲೀಸರು, ಸಾವಿರಾರು ಜನ, ವಿಮಾನಗಳು. ಕೊಳಗಳಲ್ಲಿ ಜಾಲಾಡಿದರು. ಷರ್ಲಾಕ್ ಹೋಮ್ಸ್ ಸೃಷ್ಟಿಸಿದ ಕಾನನ್ ಡಾಯ್ಲ್ ಸಾಹೇಬರು ಅಗಾಥಾರ ಕೈಗವಸನ್ನು ಒಬ್ಬ ಭವಿಷ್ಯ ಹೇಳುವವನ ಕೈಗೆ ಕೊಟ್ಟರಂತೆ! ಹೋಮ್ಸ್ ಇದ್ದಿದ್ದರೆ ನಾಚಿಕೆಯಿಂದ ತಲೆ ತಗ್ಗಿಸ್ತಿದ್ದ. ಜನ ಆರ್ಚಿಯನ್ನು ಕೊಲೆಗಾರನ ಥರ ನೋಡತೊಡಗಿದರು. 11 ದಿನ ಆದ ಮೇಲೆ ಉತ್ತರದ ಹ್ಯಾರೊಗೇಟ್ ಊರಿನ ಒಂದು ಹೋಟೆಲಿನಲ್ಲಿ, ಬ್ಯಾಂಡಿನವರು ಗುರುತು ಹಿಡಿದಿದ್ದರಿಂದ, ಅಗಾಥಾ ಸಿಕ್ಕರು. ಅಲ್ಲಿ ಅವರು ಬರೆಸಿದ್ದ ಹೆಸರು ತೆರೇಸಾ ನೀಲ್. ಗಂಡನ ಪ್ರೇಯಸಿಯ ಸರ್‌ನೇಮ್. ನೆನಪು ಹೋಗಿತ್ತು ಅಂತ ವೈದ್ಯರು ಹೇಳಿದರು, ನಾಟಕ ಅಂತ ಪತ್ರಿಕೆಗಳು ಹೇಳಿದವು. ಅವರು ಮಾತ್ರ ಏನೂ ಹೇಳಲಿಲ್ಲ. ದಪ್ಪನೆಯ ಆತ್ಮಕಥೆಯಲ್ಲಿ ಈ 11 ದಿನಕ್ಕೆ ಒಂದು ಸಾಲೂ ಇಲ್ಲ. ಇದರ ಬಗ್ಗೆ ಥಿಯರಿ ಕಟ್ಟುವವರು ಇವತ್ತಿಗೂ ಇದ್ದಾರೆ. ನನಗೆ ಅದರಲ್ಲಿ ಆಸಕ್ತಿ ಇಲ್ಲ. ಅಮ್ಮ ಸತ್ತು ಎಂಟು ತಿಂಗಳಾಗಿದೆ, ಗಂಡ ಹೊರಟುಹೋಗ್ತಿದ್ದಾನೆ, ಒಬ್ಬ ಮನುಷ್ಯಳು ಮುರಿದುಬಿದ್ದಳು. ಅದರಲ್ಲಿ ಪತ್ತೆ ಮಾಡೋಕೆ ಏನಿದೆ?

1928ರಲ್ಲಿ ವಿಚ್ಛೇದನ ಆಯ್ತು. ಅದೇ ವರ್ಷ ವೆಸ್ಟ್ ಇಂಡೀಸ್‌ಗೆ ಹೋಗಲು ಟಿಕೆಟ್ ತೆಗೆದಿದ್ದವರು, ಯಾರದೋ ಮನೆ ಊಟದಲ್ಲಿ ಬಾಗ್ದಾದ್ ಬಗ್ಗೆ ಕೇಳಿ, ಪ್ಲಾನ್ ಬದಲಾಯಿಸಿ ಓರಿಯೆಂಟ್ ಎಕ್ಸ್‌ಪ್ರೆಸ್ ರೈಲು ಹತ್ತಿದರು. ಒಬ್ಬರೇ. ಇರಾಕ್‌ನ ಉರ್ ಎಂಬಲ್ಲಿ ಪ್ರಾಚೀನ ನಗರವೊಂದರ ಉತ್ಖನನ ನಡೀತಿತ್ತು. 1930ರಲ್ಲಿ ಮತ್ತೆ ಅಲ್ಲಿಗೆ ಹೋದಾಗ ಪರಿಚಯವಾದದ್ದು ಮ್ಯಾಕ್ಸ್ ಮ್ಯಾಲೊವನ್, ಅವರಿಗಿಂತ ಹದಿಮೂರು ವರ್ಷಕ್ಕೂ ಹೆಚ್ಚು ಚಿಕ್ಕ ಪುರಾತತ್ತ್ವಜ್ಞ. ಅದೇ ಸೆಪ್ಟೆಂಬರ್‌ನಲ್ಲಿ ಮದುವೆ. ಈ ಮದುವೆ ಗಟ್ಟಿಯಾಗಿ ನಿಂತಿತು. ಪ್ರತಿ ವರ್ಷ ಗಂಡನ ಜೊತೆ ಮರುಭೂಮಿಗೆ ಹೋಗಿ ಟೆಂಟಿನಲ್ಲಿ ಕೂತು ಬರೆಯೋರು, ಮಡಕೆ ಚೂರು ಜೋಡಿಸೋರು. ಮುಂದೆ ನಿಮ್ರುದ್‌ನಲ್ಲಿ ಸಿಕ್ಕ ಸಾವಿರಾರು ವರ್ಷ ಹಳೆಯ ದಂತದ ಕೆತ್ತನೆಗಳನ್ನು ಮುಖಕ್ಕೆ ಹಚ್ಚುವ ಕ್ರೀಮ್ ಹಾಕಿ ಕ್ಲೀನ್ ಮಾಡಿದ್ದೂ ಇವರೇ.

ಮೂವತ್ತರ ದಶಕ ಅವರ ಫಾರ್ಮ್‌ನ ಕಾಲ. ವರ್ಷಕ್ಕೆ ಎರಡು ಮೂರು ಪುಸ್ತಕ. ಮಿಸ್ ಮಾರ್ಪಲ್, ಓರಿಯೆಂಟ್ ಎಕ್ಸ್‌ಪ್ರೆಸ್, ನೈಲ್ ನದಿ, ಎಲ್ಲ ಈ ಹತ್ತು ವರ್ಷದಲ್ಲೇ. ಎಲ್ಲವೂ ಚೆನ್ನಾಗಿದೆ ಅಂತಲ್ಲ. ಯಹೂದಿಗಳ ಬಗ್ಗೆ, ಕಪ್ಪು ಜನರ ಬಗ್ಗೆ ಆಗಿನ ಮೇಲ್ವರ್ಗದ ಬ್ರಿಟಿಷರು ಮಾತಾಡ್ತಿದ್ದ ಹಾಗೇ ಬರೆದ ಸಾಲುಗಳು ಕಣ್ಣಿಗೆ ಚುಚ್ಚುತ್ತವೆ. 1939ರ ಅವರ ಅತಿ ಪ್ರಸಿದ್ಧ ಪುಸ್ತಕದ ಬ್ರಿಟಿಷ್ ಶೀರ್ಷಿಕೆಯೇ ಒಂದು ಬೈಗುಳ. ಅಮೆರಿಕದಲ್ಲಿ ಅದನ್ನು ‘ಆ್ಯಂಡ್ ದೆನ್ ದೇರ್ ವರ್ ನನ್’ ಅಂತ ಬದಲಾಯಿಸಿದರು, ಈಗ ಎಲ್ಲ ಕಡೆ ಅದೇ ಹೆಸರು.

ಪ್ವಾರೋ ಬಗ್ಗೆ ಅವರಿಗೆ ಆಗಲೇ ಸಾಕಾಗಿತ್ತು. ಅವನ ಜಂಬ ಸಹಿಸೋಕೆ ಆಗ್ತಿರಲಿಲ್ಲ. ಮೊದಲ ಪುಸ್ತಕದಲ್ಲೇ ಅವನನ್ನು ನಿವೃತ್ತ ಮಾಡಿದ್ದು ದೊಡ್ಡ ತಪ್ಪು ಅಂತಲೂ ಅನ್ನಿಸಿತ್ತು. ಲೆಕ್ಕ ಹಾಕಿ ನೋಡಿ: 1916ರಲ್ಲಿ ಅವನಿಗೆ 60 ಅಂದುಕೊಂಡರೆ, ಕೊನೆಯ ಪುಸ್ತಕ ಬಂದ 1975ರಲ್ಲಿ 119. ಆದರೆ ಓದುಗರಿಗೆ ಅವನೇ ಬೇಕು. ಬಿಡುವ ಹಾಗಿಲ್ಲ.

ಆಮೇಲೆ ಯುದ್ಧ. ಮ್ಯಾಕ್ಸ್ ವಾಯುಪಡೆ ಸೇರಿ ಉತ್ತರ ಆಫ್ರಿಕಾಕ್ಕೆ ಹೋದರು. ಅಗಾಥಾ ಆಸೆಪಟ್ಟು 1938ರಲ್ಲಿ ಕೊಂಡಿದ್ದ ಡೆವನ್‌ನ ಗ್ರೀನ್‌ವೇ ಮನೆಯನ್ನು ನೌಕಾಪಡೆ ವಶಕ್ಕೆ ತಗೊಂಡಿತು. ಲಂಡನ್ ಮನೆಗೆ ಬಾಂಬ್ ಬಿತ್ತು. ಐವತ್ತು ದಾಟಿದ ಹೆಂಗಸು ಒಂದು ಪುಟ್ಟ ಫ್ಲ್ಯಾಟ್‌ನಲ್ಲಿ ಒಬ್ಬರೇ ಇದ್ದು, ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಮತ್ತೆ ಕೆಲಸಕ್ಕೆ ಸೇರಿದರು. ಇಪ್ಪತ್ತೈದು ವರ್ಷದ ಹಿಂದಿನ ಅದೇ ಬಾಟಲಿಗಳು. ಅಲ್ಲಿಂದ ಬಂದು ರಾತ್ರಿ ಬರೆಯೋದು, ಮೇಲೆ ಬಾಂಬರ್‌ಗಳ ಸದ್ದು. ತಾನು ಈ ಯುದ್ಧದಲ್ಲಿ ಸತ್ತರೆ ಮನೆಯವರಿಗೆ ಏನಾದರೂ ಇರಲಿ ಅಂತ ಎರಡು ಪುಸ್ತಕ ಬರೆದಿಟ್ಟರು. ಮಿಸ್ ಮಾರ್ಪಲ್‌ಳ ‘ಸ್ಲೀಪಿಂಗ್ ಮರ್ಡರ್’ ಗಂಡನ ಹೆಸರಿಗೆ, ಪ್ವಾರೋನ ‘ಕರ್ಟನ್’ ಮಗಳ ಹೆಸರಿಗೆ. ನಾವು ಎಲ್‌ಐಸಿ ಪಾಲಿಸಿ ಮಾಡಿಸ್ತೀವಲ್ಲ, ಹಾಗೆ. ಹಸ್ತಪ್ರತಿಗಳಿಗೆ ವಿಮೆ ಮಾಡಿಸಿ ಭದ್ರವಾಗಿ ಬೀಗದೊಳಗೆ ಇಟ್ಟರು. 1944ರಲ್ಲಿ ರೊಸಾಲಿಂಡ್‌ಳ ಗಂಡ ನಾರ್ಮಂಡಿಯಲ್ಲಿ ಸತ್ತ. ಮಗು ಆಗಿನ್ನೂ ಕೈಗೂಸು.

ಈಗ ಆ ಕಥೆಗೆ ಬರೋಣ. ಪ್ವಾರೋ ಹಳೇ ಗೆಳೆಯ ಹೇಸ್ಟಿಂಗ್ಸ್‌ನನ್ನು ಸ್ಟೈಲ್ಸ್‌ಗೆ ಕರೆಸಿಕೊಳ್ತಾನೆ. ಮೊದಲ ಕೇಸ್ ನಡೆದ ಅದೇ ಬಂಗಲೆ, ಈಗ ಹಳತಾಗಿ ಲಾಡ್ಜಿಂಗ್ ಆಗಿದೆ. ಬೇರೆ ಬೇರೆ ಕಡೆ ಐದು ಕೊಲೆ ನಡೆದಿವೆ, ಐದಕ್ಕೂ ಬೇರೆ ಬೇರೆ ಆರೋಪಿ. ಆದರೆ ಐದೂ ಕಡೆ ಒಬ್ಬ ಮನುಷ್ಯನ ನೆರಳು ಇದೆ, ಅವನು ಈಗ ಇದೇ ಮನೆಯಲ್ಲಿದ್ದಾನೆ. ಅವನ ಹೆಸರು ನಾರ್ಟನ್. ಮೆದು ಮಾತು, ಕುತ್ತಿಗೆಯಲ್ಲಿ ಬೈನಾಕ್ಯುಲರ್, ಹಕ್ಕಿ ನೋಡೋ ಹವ್ಯಾಸ, ರಕ್ತ ಕಂಡರೆ ಆಗಲ್ಲ. ಅವನು ಯಾರನ್ನೂ ಮುಟ್ಟೋದಿಲ್ಲ. ಮಾತಾಡ್ತಾನೆ ಅಷ್ಟೇ. ಯಾರ ಮನಸ್ಸಿನಲ್ಲಿ ಎಲ್ಲಿ ಗಾಯ ಇದೆ ಅಂತ ಹುಡುಕಿ, ಅಲ್ಲಿ ಮೆಲ್ಲಗೆ ಕೆರೆದು ಬಿಡ್ತಾನೆ. ಕೊಲ್ಲೋದು ಬೇರೆಯವರು. ನಮಗೆ ಇವನು ಹೊಸಬನಲ್ಲ, ಮಂಥರೆಯನ್ನು ನಾವು ಬಲ್ಲೆವು. ಆದರೆ ಮಂಥರೆಗೆ ಭರತ ರಾಜ ಆಗಬೇಕಿತ್ತು. ನಾರ್ಟನ್‌ಗೆ ಏನೂ ಬೇಡ, ಬೆಂಕಿ ಹಚ್ಚಿ ಚಳಿ ಕಾಯಿಸಿಕೊಂಡರೆ ಸಾಕು. ಜೇಬಿನಲ್ಲಿ ವಿಷದ ಗಟ್ಟಿ ಇಟ್ಟುಕೊಂಡು ಓಡಾಡುತ್ತಿದ್ದ ಆ ನಗುಮುಖದ ಔಷಧಿ ಅಂಗಡಿಯವರು ನನಗೆ ನೆನಪಾಗೋದು ಇಲ್ಲೇ. ಶಕ್ತಿ ಇದೆ ಅನ್ನೋ ಸುಖ.

ನಾರ್ಟನ್ ಮಾತಿಗೆ ಬಿದ್ದು ಒಬ್ಬ ವಯಸ್ಸಾದ ಕರ್ನಲ್ ಹೆಂಡತಿಗೆ ಗುಂಡು ಹೊಡೀತಾನೆ, ಆಕೆ ಹೇಗೋ ಬದುಕ್ತಾಳೆ. ಇನ್ನೊಬ್ಬಾಕೆ ಗಂಡನಿಗೆ ಅಂತ ವಿಷ ಬೆರೆಸಿದ ಕಾಫಿ, ಕಪ್ ಅದಲುಬದಲಾಗಿ ಅವಳ ಹೊಟ್ಟೆಗೇ ಹೋಗುತ್ತೆ. ಎಲ್ಲಕ್ಕಿಂತ ಕೆಟ್ಟದ್ದು ಹೇಸ್ಟಿಂಗ್ಸ್‌ದು. ಸೀರೀಸ್ ಪೂರ್ತಿ ಪೆದ್ದು ಪೆದ್ದಾಗಿ ನಗಿಸಿದ ಹೇಸ್ಟಿಂಗ್ಸ್, ಮಗಳನ್ನು ಒಬ್ಬ ಲಫಂಗ ಹಾಳು ಮಾಡ್ತಿದ್ದಾನೆ ಅಂತ ನಂಬಿ, ಅವನ ಗ್ಲಾಸಿಗೆ ಹಾಕೋಕೆ ವಿಷ ತಯಾರು ಮಾಡ್ತಾನೆ. ಪ್ವಾರೋ ಚಾಕೊಲೇಟ್ ಪಾನೀಯದಲ್ಲಿ ನಿದ್ದೆ ಮದ್ದು ಹಾಕಿ ಕೊಟ್ಟು ಮಲಗಿಸದೇ ಇದ್ದಿದ್ದರೆ, ಬೆಳಗಾಗುವುದರೊಳಗೆ ಅವನು ಕೊಲೆಗಾರ. ಚಹಾ ಮೇಜಿನ ಎದುರಿನವರ ಮುಖದಲ್ಲಿ ಕಾಣ್ತಿದ್ದ ತಿಳಿನೀಲಿ ಕಣ್ಣು ಈ ಸಲ ಕನ್ನಡಿಯಲ್ಲಿ ಕಾಣುತ್ತೆ. ರೇಡಿಯೋದಲ್ಲಿ ಒಬ್ಬ ಮನುಷ್ಯ ಕೂಗಿ ಕೂಗಿ ಒಂದು ಇಡೀ ದೇಶದ ಸಾಧಾರಣ ಜನರ ಕೈಲಿ ಕೊಲೆ ಮಾಡಿಸ್ತಿದ್ದ ಹೊತ್ತಲ್ಲಿ ಇದನ್ನು ಬರೆದಿದ್ದು ಸುಮ್ಮನೆ ಕಾಕತಾಳೀಯ ಅಂತ ನನಗೆ ಅನ್ಸಲ್ಲ.

ನಾರ್ಟನ್ ವಿರುದ್ಧ ಯಾವ ಕೋರ್ಟೂ ಏನೂ ಮಾಡೋ ಹಾಗಿಲ್ಲ. ಮಾತಾಡೋದು ಅಪರಾಧ ಅಲ್ಲವಲ್ಲ. ಹಾಗಾಗಿ ಜೀವನಪೂರ್ತಿ ಕೊಲೆಯನ್ನು ಒಪ್ಪದ ಪ್ವಾರೋ, ಅವನಿಗೂ ನಿದ್ದೆ ಮದ್ದು ಕೊಟ್ಟು, ಅವನ ಕೋಣೆಗೆ ಸಾಗಿಸಿ, ಹಣೆಯ ಸರಿ ಮಧ್ಯಕ್ಕೆ ಗುಂಡು ಹೊಡೀತಾನೆ. ಗಾಲಿಕುರ್ಚಿ ಬರೀ ನಾಟಕ, ಅವನಿಗೆ ನಡೆಯೋಕೆ ಬರ್ತಿತ್ತು. ಆತ್ಮಹತ್ಯೆ ಅನ್ನಿಸಬೇಕಾದರೆ ಗುಂಡು ಕಪಾಲದ ಪಕ್ಕಕ್ಕೆ ಬೀಳಬೇಕಿತ್ತು. ಆದರೆ ಎರಡು ಮೊಟ್ಟೆ ಒಂದೇ ಸೈಜ್ ಇರಬೇಕು ಅನ್ನೋ ಮನುಷ್ಯ ಇವನು, ಕೊಲ್ಲುವಾಗಲೂ ಸಿಮೆಟ್ರಿ ಬಿಡಲಿಲ್ಲ. ಅಲ್ಲಿವರೆಗೆ ನಾವು ನಕ್ಕಿದ್ದ ಒಂದು ಚಾಳಿ ಒಂದೇ ಶಾಟ್‌ನಲ್ಲಿ ಭಯಾನಕ ಆಗಿಬಿಡುತ್ತೆ. ಆಮೇಲೆ ತನ್ನ ಹೃದಯದ ಔಷಧಿಯನ್ನು ತಾನೇ ದೂರ ಸರಿಸಿ, ಜಪಮಣಿ ಹಿಡಿದು ಸಾಯ್ತಾನೆ. ಹೇಸ್ಟಿಂಗ್ಸ್‌ಗೆ ನಿಜ ಗೊತ್ತಾಗೋದು ನಾಲ್ಕು ತಿಂಗಳ ಮೇಲೆ ಬಂದ ಪತ್ರದಿಂದ.

ಅವನು ಮಾಡಿದ್ದು ಸರಿಯಾ? ನಮ್ಮ ಹಾಸ್ಟೆಲ್‌ನಲ್ಲಿ ಇದರ ಬಗ್ಗೆ ರಾತ್ರಿ ಎರಡರವರೆಗೆ ಜಗಳ ಆಗಿದೆ. ಸರಿ ಅನ್ನೋರೇ ಜಾಸ್ತಿ, ಎನ್‌ಕೌಂಟರ್ ಸುದ್ದಿಗೆ ಚಪ್ಪಾಳೆ ತಟ್ಟುವ ಹಾಗೆ. ನನಗೆ ಒಪ್ಪೋಕೆ ಆಗಲ್ಲ. ಅಗಾಥಾ ಕೂಡ ಪೂರ್ತಿ ಒಪ್ಪಿರಲಿಲ್ಲ ಅನ್ಸುತ್ತೆ. ಒಪ್ಪಿದ್ದರೆ ಅವನನ್ನು ಬದುಕಿಸಿ, ಹೇಸ್ಟಿಂಗ್ಸ್ ಜೊತೆ ಚಹಾ ಕುಡಿಸ್ತಿದ್ದರು. ತಾನು ಮಾಡಿದ್ದು ನ್ಯಾಯವೋ ಅಲ್ಲವೋ ಅಂತ ಪ್ವಾರೋಗೇ ಗೊತ್ತಿಲ್ಲ. ಎಲ್ಲಾ ಗೊತ್ತಿದ್ದವನು ಮೊದಲನೇ ಸಲ ಗೊತ್ತಿಲ್ಲ ಅನ್ನೋ ಜಾಗದಲ್ಲಿ ನಿಂತು ಸಾಯ್ತಾನೆ. 2010ರಲ್ಲಿ ಬಂದ ಇದೇ ಸೀರೀಸ್‌ನ ಓರಿಯೆಂಟ್ ಎಕ್ಸ್‌ಪ್ರೆಸ್ ಎಪಿಸೋಡ್ ಕೂಡ ಕತ್ತಲೆಯದ್ದೇ, ಆದರೆ ಅಲ್ಲಿ ಅವನು ಬೇರೆಯವರ ಬಗ್ಗೆ ತೀರ್ಮಾನ ಮಾಡಬೇಕಿತ್ತು.

ಅಗಾಥಾ ಯುದ್ಧದಲ್ಲಿ ಸಾಯಲಿಲ್ಲ. ಬಾಂಬ್‌ಗಳು ನಿಂತವು, ಮ್ಯಾಕ್ಸ್ ಮನೆಗೆ ಬಂದರು. 1952ರಲ್ಲಿ ‘ದಿ ಮೌಸ್‌ಟ್ರ್ಯಾಪ್’ ನಾಟಕ ಲಂಡನ್‌ನಲ್ಲಿ ಶುರುವಾಯ್ತು, 2020ರ ಕೊರೋನಾ ಬಂದ್ ಬಿಟ್ಟರೆ ಇವತ್ತಿಗೂ ಓಡ್ತಿದೆ. ಅದರ ಆದಾಯವನ್ನು ಮೊಮ್ಮಗನಿಗೆ ಬರೆದುಕೊಟ್ಟರು. 1971ರಲ್ಲಿ ಡೇಮ್ ಪದವಿ. ಈ ಎಲ್ಲಾ ವರ್ಷ ಪ್ವಾರೋ ಹೊಸ ಹೊಸ ಕೇಸ್ ಬಿಡಿಸ್ತಾನೇ ಇದ್ದ, ಅವನ ಸಾವು ಲಾಕರ್‌ನಲ್ಲಿ ಕಾಯ್ತಾ ಇತ್ತು.

ಎಪ್ಪತ್ತರ ದಶಕದಲ್ಲಿ ಅವರ ಆರೋಗ್ಯ ಕೆಟ್ಟಿತು. 1973ರ ಪುಸ್ತಕವೇ ಅವರು ಬರೆದ ಕೊನೆಯದು, ಅದು ಓದೋಕೆ ಕಷ್ಟ, ನಿಜ ಹೇಳಬೇಕಂದ್ರೆ. ಹೊಸದು ಇನ್ನು ಬರಲ್ಲ ಅಂತಾದಾಗ 1975ರಲ್ಲಿ ‘ಕರ್ಟನ್’ ಹೊರಗೆ ಬಂತು. ಅದಕ್ಕೂ ಮೊದಲೇ, ಆಗಸ್ಟ್ 6ರಂದು, ನ್ಯೂಯಾರ್ಕ್ ಟೈಮ್ಸ್ ತನ್ನ ಮುಖಪುಟದಲ್ಲಿ ಪ್ವಾರೋನ ನಿಧನ ವಾರ್ತೆ ಹಾಕಿತು, ನಿಜವಾದ ಮನುಷ್ಯನಿಗೆ ಹಾಕುವ ಹಾಗೇ. ಐದು ತಿಂಗಳು ಕಳೆದು, 1976ರ ಜನವರಿ 12ರಂದು, ವಾಲಿಂಗ್‌ಫರ್ಡ್‌ನ ಮನೆಯಲ್ಲಿ ಅಗಾಥಾ ತೀರಿಕೊಂಡರು. 85 ವರ್ಷ. ಪಕ್ಕದ ಚೋಲ್ಸಿ ಊರಿನ ಚರ್ಚ್ ಅಂಗಳದಲ್ಲಿ ಸಮಾಧಿ ಇದೆ.

ಟಿವಿ ಎಪಿಸೋಡ್ ಪ್ರಸಾರ ಆಗಿದ್ದು 2013ರ ನವೆಂಬರ್ 13ರಂದು. ಆದರೆ ಕೊನೆಯ ಸೀಸನ್‌ನ ಐದು ಎಪಿಸೋಡ್‌ಗಳಲ್ಲಿ ‘ಕರ್ಟನ್’ ಅನ್ನು ಮೊದಲೇ ಶೂಟ್ ಮಾಡಿ ಮುಗಿಸಿದ್ದರು. ಸೂಶೆ ಅದಕ್ಕಾಗಿ ತೂಕ ಇಳಿಸಿಕೊಂಡಿದ್ದರು. ಸಾಯುವ ಪ್ವಾರೋ ಆಗಿ ಕೆಲಸ ಮುಗಿಸೋದು ಅವರಿಗೆ ಬೇಡವಾಗಿತ್ತು. ಹಾಗಾಗಿ ಎಲ್ಲಕ್ಕಿಂತ ಕೊನೆಗೆ ಚಿತ್ರೀಕರಣ ಆಗಿದ್ದು ‘ಡೆಡ್ ಮ್ಯಾನ್ಸ್ ಫಾಲಿ’. ಆ ಶೂಟಿಂಗ್ ನಡೆದಿದ್ದು ಅಗಾಥಾ ಆಸೆಪಟ್ಟು ಕೊಂಡಿದ್ದ, ಯುದ್ಧದ ನಂತರ ವಾಪಸ್ ಸಿಕ್ಕಿದ ಗ್ರೀನ್‌ವೇ ಮನೆಯಲ್ಲಿ. ಅಲ್ಲಿ ಪ್ವಾರೋ ಆರೋಗ್ಯವಾಗಿ, ಮೀಸೆ ತೀಡಿಕೊಂಡು, ಪುಟ್ಟ ಪುಟ್ಟ ಹೆಜ್ಜೆ ಇಡ್ತಾ ನಡೆದಾಡ್ತಾನೆ.